ದಿಬ್ಬಣದ ಗಾಡಿಯವನ ಊಟ

ಭದ್ರಾವತಿಯ ಜನ್ನಾಪುರದಲ್ಲಿ ಶೀಟು ಹೊದಿಸಿದ, ಕ್ರೈಸ್ತರ ಒಂದು ಪ್ರಾರ್ಥನಾ ಮಂದಿರವಿದೆ. ಭಾನುವಾರ ಬೆಳಿಗ್ಗೆ ಅದರ ಮುಂದೆ ಹಾದುಹೋದರೆ ಮೈಕಿನಲ್ಲಿ ಎರಡು ದನಿ ಕೇಳುತ್ತವೆ. ಒಂದು ಗಂಡು ದನಿ ತಮಿಳಿನಲ್ಲಿ ಒಂದು ಮಾತು ಹೇಳುತ್ತದೆ. ಅದು ನಿಲ್ಲುವುದೇ ತಡ, ಒಂದು ಹೆಣ್ಣು ದನಿ ಅದನ್ನೇ ಕನ್ನಡದಲ್ಲಿ ಹೇಳುತ್ತದೆ. ಗಂಡು ದನಿ ಏರಿದರೆ ಇದೂ ಏರುತ್ತದೆ, ಅದು ಗದ್ಗದವಾದರೆ ಇದೂ ಗದ್ಗದವಾಗುತ್ತದೆ. ಆ ಹೆಣ್ಣು ದನಿ ಪುಷ್ಪಮ್ಮನದು.

ಪುಷ್ಪಮ್ಮ ಹುಟ್ಟಿದ್ದು ಕುಂಸಿ ಕಡೆಯ ಬೇಸಾಯಗಾರರ ಮನೆಯಲ್ಲಿ. ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ ಹೊನ್ನಯ್ಯನನ್ನು ಮದುವೆಯಾಗಿ ಭದ್ರಾವತಿಯ ಕ್ವಾರ್ಟರ್ಸಿಗೆ ಬಂದಾಗ ಅವಳಿಗೆ ತಮಿಳಿನ ಒಂದಕ್ಷರವೂ ಗೊತ್ತಿರಲಿಲ್ಲ. ಪಕ್ಕದ ಮನೆ ಜ್ಞಾನಮ್ಮನದು. ಎರಡು ಮನೆಗೂ ನಡುವೆ ಒಂದೇ ಗೋಡೆ, ಒಂದೇ ನಲ್ಲಿ. ನೀರು ಹಿಡಿಯುತ್ತಾ, ಮಕ್ಕಳನ್ನು ಬೈಯುತ್ತಾ, ಒಗ್ಗರಣೆಗೆ ಕರಿಬೇವು ಕೇಳುತ್ತಾ ತಮಿಳು ಅವಳ ಬಾಯಿಗೆ ತಾನಾಗಿ ಹತ್ತಿತು. ಆಮೇಲೆ ಜ್ಞಾನಮ್ಮನ ಜೊತೆಗೆಂದು ಪ್ರಾರ್ಥನೆಗೆ ಹೋದಳು. ಯಾಕೆ ಹೋದೆ ಅಂದರೆ, ಅವಳೊಬ್ಬಳೇ ಹೋಗ್ತಿದ್ಲಲ್ಲ ಅನ್ನುತ್ತಾಳೆ. ಯಾಕೆ ಉಳಿದೆ ಅಂದರೆ ಸುಮ್ಮನೆ ನಗುತ್ತಾಳೆ. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಿಲ್ಲ.

ಒಂದು ದಿನ ಭದ್ರಾ ಹೊಳೆಯಲ್ಲಿ ಮುಳುಗೆದ್ದು, ಕ್ರಿಸ್ತನನ್ನು ಒಪ್ಪಿಕೊಳ್ಳುವ ದೀಕ್ಷಾಸ್ನಾನ ಮಾಡಿಸಿಕೊಂಡು ಒದ್ದೆ ಸೀರೆಯಲ್ಲೇ ಮನೆಗೆ ಬಂದಳು. ಗಂಡ ಏನನ್ನುತ್ತಾನೋ ಎಂದು ಬಾಗಿಲಲ್ಲೇ ನಿಂತಳು. ಹೊನ್ನಯ್ಯ ಮೇಲಿಂದ ಕೆಳಗೆ ನೋಡಿದ.

"ನೆಗಡಿ ಆಗುತ್ತೆ ಮಾರಾಯ್ತಿ, ಸೀರೆ ಬದಲಾಯಿಸು."

ಆ ಮನೆಯಲ್ಲಿ ದೇವರ ವಿಷಯಕ್ಕೆ ನಡೆದ ಜಗಳ ಅಷ್ಟೇ.

ಮಂದಿರದಲ್ಲಿ ಮೊದಲು ಕನ್ನಡ ಹೇಳುತ್ತಿದ್ದ ಮುದುಕರಿಗೆ ಗಂಟಲು ಕಟ್ಟಿದ ಮೇಲೆ ಆ ಕೆಲಸ ಪುಷ್ಪಮ್ಮನಿಗೆ ಬಂತು. ಆ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಪಕ್ಕದಲ್ಲಿ ನಿಂತು ಹೇಳುವವಳಿಗೆ ಸ್ವಂತ ಮಾತಿಲ್ಲ. ಬೋಧಕರು ಏನು ಹೇಳುತ್ತಾರೋ ಅದನ್ನೇ, ಅವರೇ ಆಗಿ ಹೇಳಬೇಕು. ಒಮ್ಮೆ ಬಂದಿದ್ದ ಬೋಧಕರೊಬ್ಬರು ತಮ್ಮ ಹಳೆಯ ಬದುಕನ್ನು ಹೇಳಿಕೊಂಡರು. ಪುಷ್ಪಮ್ಮನೂ ಎದೆ ತಟ್ಟಿಕೊಂಡು, "ನಾನು ದೊಡ್ಡ ಕುಡುಕನಾಗಿದ್ದೆ! ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದೆ!" ಎಂದು ಮೈಕಿನಲ್ಲಿ ಕೂಗಿದಳು. ಹೊರಗೆ ಕಾಂಪೌಂಡಿನ ಮೇಲೆ ಕೂತಿದ್ದ ಹೊನ್ನಯ್ಯನಿಗೆ ಅದು ಕೇಳಿಸಿತು. ಮನೆಗೆ ಹೋಗುವಾಗ ಮೊಪೆಡ್ ಓಡಿಸುತ್ತಾ ಕೇಳಿದ:

"ಅಲ್ವೇ, ಇಷ್ಟು ದಿನ ನಂಗೆ ಹೇಳ್ಲೇ ಇಲ್ವಲ್ಲ. ಯಾವ ಬ್ರ್ಯಾಂಡ್ ಕುಡೀತಿದ್ದೆ?"

"ಮುಂದೆ ನೋಡ್ಕೊಂಡು ಓಡ್ಸಿ."

"ಆ ನಿನ್ನ ಹೆಂಡ್ತಿ ಪಾಪ ಹೆಂಗಿದಾಳೋ ಈಗ."

ಹೊನ್ನಯ್ಯ ಇದ್ದದ್ದೇ ಹಾಗೆ. ಪ್ರತಿ ಭಾನುವಾರ ಹೆಂಡತಿಯನ್ನು ಮೊಪೆಡ್ಡಿನಲ್ಲಿ ಕರೆತಂದು ಬಿಡುತ್ತಿದ್ದ, ಮುಗಿಯುವವರೆಗೆ ಹೊರಗೆ ಕೂತಿರುತ್ತಿದ್ದ, ಮತ್ತೆ ಕರೆದುಕೊಂಡು ಹೋಗುತ್ತಿದ್ದ. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ. ಆದರೆ ಮಂದಿರದ ವೈರಿಂಗ್ ಅವನದೇ, ಫ್ಯಾನ್ ತೂಗುಹಾಕಿದ್ದು ಅವನೇ, ಮೈಕು ಕುಂಯ್ ಎಂದರೆ ಎದ್ದು ಬಂದು ಸರಿಮಾಡುತ್ತಿದ್ದವನೂ ಅವನೇ. ಪಾಸ್ಟರ್ ದಾವೀದಪ್ಪ ದೀಕ್ಷಾಸ್ನಾನದ ಮಾತೆತ್ತಿದಾಗಲೆಲ್ಲ, "ಹುಟ್ಟಿದಾಗಿಂದ ಇದೇ ಹೊಳೇಲಿ ಈಜಿದೀನಿ ಪಾಸ್ಟ್ರೇ, ಇನ್ನೆಷ್ಟು ಮುಳುಗಿಸ್ತೀರಿ?" ಎಂದು ನಗುತ್ತಿದ್ದ. ಪುಷ್ಪಮ್ಮ ಒತ್ತಾಯ ಮಾಡಿದರೆ, "ನೋಡೋಣ ಬಿಡೇ, ನಾನೇನು ಈಗಲೇ ಸಾಯ್ತೀನಾ?" ಅನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಸತ್ತ. ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಪುಷ್ಪಮ್ಮ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಕೇಳಬೇಕು ಅಂದುಕೊಂಡಳು, ಈಗಲಾದರೂ ಒಂದು ಮಾತು ಒಪ್ಪಿಕೊಳ್ಳಿ ಅನ್ನಬೇಕು ಅಂದುಕೊಂಡಳು. ಬಾಯಿಗೆ ಟ್ಯೂಬ್ ಹಾಕಿದ್ದರು. ಹೂಂ ಅನ್ನಲಿಕ್ಕೂ ಆಗದ ಮನುಷ್ಯನನ್ನು ಏನೆಂದು ಕೇಳುವುದು? ಕಾಲು ಒತ್ತುತ್ತಾ ಕೂತಳು. ಮಗ ಸಂಜಯ್ ಶಿವಮೊಗ್ಗದಲ್ಲೇ ದುರ್ಗಿಗುಡಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ತಂದೆಯ ಕ್ರಿಯಾಕರ್ಮವನ್ನು ಅವನೇ ಮನೆತನದ ಪದ್ಧತಿಯಂತೆ ಮಾಡಿದ. ಪುಷ್ಪಮ್ಮ ಅಡ್ಡಿ ಹೇಳಲಿಲ್ಲ.

ಆದರೆ ಮನೆಯಲ್ಲಿ ಇನ್ನೊಂದು ಜೀವವಿತ್ತು. ಹೊನ್ನಯ್ಯನ ತಾಯಿ ಮಹಾಂತಮ್ಮ. ಮುಪ್ಪಾಗಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಸೊಸೆಯ ದೇವರ ಉಸಾಬರಿಗೆ ಅವಳು ಯಾವತ್ತೂ ಹೋದವಳಲ್ಲ. ಮಗ ಸತ್ತ ಮೇಲೆ ಅವಳಿಗೆ ಒಂದೇ ಪ್ರಶ್ನೆ ಹತ್ತಿಕೊಂಡಿತು. ನನ್ನ ಮಗ ಈಗ ಎಲ್ಲಿದಾನೆ? ಕ್ರಿಯೆ ಮಾಡಿಸಿದ ಅಯ್ಯನವರು ಒಳ್ಳೆಯ ಜಾಗಕ್ಕೆ ಹೋದ ಅಂದರು. ಸಂಜಯ್ ಮುಕ್ತಿ ಸಿಕ್ಕಿತು ಅಂದ. ಮುದುಕಿಗೆ ಸಮಾಧಾನವಿಲ್ಲ.

"ನಿಮ್ಮೋರೂ ಸತ್ತೋರ ವಿಷಯ ಹೇಳ್ತಾರಂತಲ್ಲೇ? ಅವರನ್ನೂ ಒಂದು ಮಾತು ವಿಚಾರಿಸಿಬಿಡೋಣ," ಅಂದಳು.

"ಅಲ್ಲಿ ಯಾಕತ್ತೆ?"

"ಬಸ್ ಸ್ಟ್ಯಾಂಡಲ್ಲಿ ಇಬ್ರನ್ನ ಕೇಳಲ್ವಾ, ಈ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ? ಹಂಗೆ."

ಅಲ್ಲಿ ಏನು ಹೇಳುತ್ತಾರೆ ಎಂಬುದು ಪುಷ್ಪಮ್ಮನಿಗೆ ಗೊತ್ತಿತ್ತು. ಇಷ್ಟು ವರ್ಷ ತಾನೇ ಹೇಳುತ್ತಾ ಬಂದದ್ದಲ್ಲವೇ? ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ, ಸತ್ತ ಮೇಲೆ ಪರಲೋಕ. ನಂಬದೆ ಹೋದವನಿಗೆ ಇಲ್ಲ. ಆಗ ಆ ಮಾತು ಯಾರೋ ದೂರದವರದಾಗಿತ್ತು.

ಮಳೆಗಾಲ ಕಳೆದ ಮೇಲೆ ಮಂದಿರದಲ್ಲಿ ಎರಡು ದಿನ ಸಂಜೆ ಕೂಟ ಇಟ್ಟುಕೊಂಡರು. ಸೇಲಂ ಕಡೆಯಿಂದ ಅರುಳಪ್ಪನ್ ಎಂಬ ಬೋಧಕರು ಬಂದರು. ವಿಷಯ, ರಕ್ಷಣೆ. ಪುಷ್ಪಮ್ಮ ಪಾಸ್ಟರ್ ಹತ್ತಿರ ಹೋಗಿ, ಈ ಸಲ ಬೇರೆ ಯಾರಾದರೂ ಹೇಳಲಿ ಅಂದಳು. ಪಾಸ್ಟರ್, "ಬೇರೆ ಯಾರಿದಾರೆ ಅಕ್ಕಾ?" ಅಂದರು. ಯಾರೂ ಇರಲಿಲ್ಲ. ತಮಿಳು ಬಲ್ಲವರಿಗೆ ಸರಾಗವಾದ ಕನ್ನಡ ಬಾರದು, ಕನ್ನಡದವರಿಗೆ ತಮಿಳು ಬಾರದು. ಅಲ್ಲದೆ, ಈಗ ಹಿಂದೆ ಸರಿದರೆ ಗಂಡ ಸತ್ತ ಮೇಲೆ ಇವಳ ನಂಬಿಕೆ ಸಡಿಲವಾಯಿತು ಅನ್ನುತ್ತಾರೆ. ಒಪ್ಪಿಕೊಂಡಳು.

ಮೊದಲ ಸಂಜೆ ಮೈಕಿನ ಮುಂದೆ ಹೋಗಿ ನಿಂತಾಗ ನೋಡುತ್ತಾಳೆ, ಎದುರು ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಹಾಂತಮ್ಮ! ಜ್ಞಾನಮ್ಮನ ಕೈ ಹಿಡಿದುಕೊಂಡು ಬಂದುಬಿಟ್ಟಿದ್ದಾಳೆ. ತಲೆಗೆ ಸೆರಗು ಹೊದ್ದು, ಮುಖ ಮೇಲೆತ್ತಿ, ಸೊಸೆಯ ಬಾಯನ್ನೇ ನೋಡುತ್ತಾ ಕೂತಿದ್ದಾಳೆ.

ಅರುಳಪ್ಪನ್ ಒಳ್ಳೆಯ ಮಾತುಗಾರರು. ದೀಪ ಹಿಡಿದು ಮದುಮಗನಿಗೆ ಕಾದಿದ್ದ ಹತ್ತು ಕನ್ನೆಯರ ಕಥೆ ಎತ್ತಿಕೊಂಡರು. ಐವರ ಬಳಿ ಎಣ್ಣೆಯಿತ್ತು, ಐವರ ಬಳಿ ಇರಲಿಲ್ಲ. ಇಲ್ಲದವರು ಎಣ್ಣೆ ತರಲು ಹೋದಾಗ ಮದುಮಗ ಬಂದ, ಇದ್ದವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಆಮೇಲೆ ಎಷ್ಟು ತಟ್ಟಿದರೂ ಒಳಗಿನಿಂದ ಬಂದದ್ದು ಒಂದೇ ಮಾತು: ನಿಮ್ಮನ್ನು ನಾನು ಅರಿಯೆ. ಪುಷ್ಪಮ್ಮ ಒಂದೊಂದು ಮಾತನ್ನೂ ಕನ್ನಡಕ್ಕೆ ಇಳಿಸಿದಳು. ಬಾಗಿಲು ಮುಚ್ಚಿದ್ದನ್ನೂ ಇಳಿಸಿದಳು.

"ಎಣ್ಣೆಯನ್ನು ಒಬ್ಬರು ಇನ್ನೊಬ್ಬರಿಗೆ ಕೊಡಲಿಲ್ಲ," ಅಂದರು ಬೋಧಕರು. "ಯಾಕೆ? ಜಿಪುಣತನವಲ್ಲ. ಅದು ಕೊಡಲು ಬರುವಂಥದ್ದಲ್ಲ. ತಾಯಿಯ ನಂಬಿಕೆ ಮಗನಿಗೆ ಆಗುವುದಿಲ್ಲ. ಹೆಂಡತಿಯ ನಂಬಿಕೆ ಗಂಡನಿಗೆ ಆಗುವುದಿಲ್ಲ."

ಇದನ್ನೂ ಹೇಳಿದಳು. ಮಹಾಂತಮ್ಮ ಕದಲಲಿಲ್ಲ.

ಆಗ ಅರುಳಪ್ಪನ್ ಜನರನ್ನು ನಗಿಸಬೇಕೆಂದು ಸ್ವಲ್ಪ ಸಡಿಲವಾಗಿ ನಿಂತು ತಮಿಳಿನಲ್ಲಿ ಅಂದರು: "ಕೆಲವು ಗಂಡಂದಿರಿದ್ದಾರೆ. ವಾರವಾರ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದು ಸಭೆಯ ಬಾಗಿಲಿಗೆ ಬಿಡುತ್ತಾರೆ. ತಾವು ಹೊರಗೆ ಕೂರುತ್ತಾರೆ. ಇಷ್ಟು ವರ್ಷ ಬಾಗಿಲವರೆಗೆ ಬಂದಿದ್ದೇನೆ, ನನ್ನನ್ನೂ ಒಳಗೆ ಬಿಡುತ್ತಾರೆ ಅಂತ ಎಣಿಕೆ! ಅಲ್ಲಪ್ಪಾ, ಆಟೋದವನು ಎಷ್ಟು ಮದುವೆ ಮಂಟಪದ ಬಾಗಿಲಿಗೆ ಹೋಗಿಲ್ಲ? ಒಂದಾದರೂ ಮದುವೆಯಲ್ಲಿ ಅವನಿಗೆ ಎಲೆ ಹಾಕಿದರಾ?"

ತಮಿಳು ಬಲ್ಲ ಅರ್ಧ ಸಭೆ ನಕ್ಕಿತು. ನಗು ಅರ್ಧಕ್ಕೇ ನಿಂತಿತು. ಅವರೆಲ್ಲ ಹೊನ್ನಯ್ಯನನ್ನು ಕಂಡವರು. ಅವನು ತೂಗುಹಾಕಿದ ಫ್ಯಾನಿನ ಕೆಳಗೇ ಕೂತವರು. ಜ್ಞಾನಮ್ಮ ತಲೆ ತಗ್ಗಿಸಿದಳು. ಪಾಪ, ಅರುಳಪ್ಪನ್‌ಗೆ ಏನೂ ಗೊತ್ತಿರಲಿಲ್ಲ. ಎಲ್ಲ ಊರಿನಲ್ಲೂ ಅಂಥ ಗಂಡಂದಿರು ಇರುತ್ತಾರೆ, ಎಲ್ಲ ಊರಿನಲ್ಲೂ ಅವರು ಈ ಮಾತು ಹೇಳುತ್ತಾರೆ.

ಕನ್ನಡದ ಅರ್ಧ ಸಭೆ ಕಾಯುತ್ತಿತ್ತು. ಮಹಾಂತಮ್ಮ ಕಾಯುತ್ತಿದ್ದಳು.

ನಾನು ಎಷ್ಟೋ ಸಂಕಟದ ಕಥೆ ಕೇಳಿದ್ದೇನೆ. ಹುಲಿಗೂ ಹೊಳೆಗೂ ನಡುವೆ ಸಿಕ್ಕಿದವರದ್ದೂ ಕೇಳಿದ್ದೇನೆ. ಅಲ್ಲಿ ಮರ ಹತ್ತಲಿಕ್ಕಾದರೂ ಆಗುತ್ತದೆ. ಪುಷ್ಪಮ್ಮನ ಕೈಯಲ್ಲಿ ಮೈಕಿತ್ತು.

ಅವಳು ಬಾಯಿ ತೆರೆದಳು.

"ಕೆಲವು ಗಂಡಂದಿರಿದ್ದಾರೆ," ಅಂದಳು. "ವಾರವಾರ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದು ಸಭೆಯ ಬಾಗಿಲಿಗೆ ಬಿಡುತ್ತಾರೆ. ತಾವು ಹೊರಗೆ ಕೂರುತ್ತಾರೆ. ಅವರಿಗೆ ಒಳಗೆ ಜಾಗವಿಲ್ಲ ಅಂದುಕೊಂಡಿರಾ? ದಿಬ್ಬಣದ ಗಾಡಿ ಹೊಡೆದುಕೊಂಡು ಬಂದವನನ್ನು ಯಾವ ಮದುವೆ ಮನೆಯವರಾದರೂ ಉಪವಾಸ ಕಳಿಸುತ್ತಾರಾ? ಮೊದಲ ಪಂಕ್ತಿಯಲ್ಲೇ ಅವನಿಗೆ ಎಲೆ ಹಾಕುತ್ತಾರೆ."

ಕುಂಸಿ ಕಡೆ ಪದ್ಧತಿ ಹಾಗೇ. ಹೆಣ್ಣಿನ ಕಡೆಯವರನ್ನು ಹೊತ್ತು ತಂದ ಗಾಡಿಯವನು, ಈಗೀಗ ಬಸ್ಸಿನ ಡ್ರೈವರ್ರು, ಉಣ್ಣದೆ ಹಿಂದಿರುಗಿದರೆ ಮದುವೆ ಮನೆಯ ಮಾನ ಹೋದಂತೆ. ಬೀಗರಿಗೆ ಪಾಯಸ ಕಡಿಮೆಯಾದರೂ ನಡೆದೀತು, ಅವನಿಗೆ ಆಗಬಾರದು. ಆ ಪದ್ಧತಿಯೇ ಅವಳ ಬಾಯಿಗೆ ಬಂತು. ಆದರೆ ಗೊತ್ತಿಲ್ಲದೆ ಬಂತು ಅನ್ನುವ ಹಾಗಿಲ್ಲ. ಆಮೇಲೆ ಅವಳೇ ಹೇಳಿದಳು, ಗೊತ್ತಿದ್ದೇ ಹೇಳಿದೆ ಎಂದು.

ಮಹಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸಾಲಿನ ತಮಿಳು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ರಾತ್ರಿ ಮುದುಕಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಮಗ ಸತ್ತ ಮೇಲೆ ಹಾಗೆ ಉಂಡದ್ದೇ ಇಲ್ಲ. ಬೆಳಿಗ್ಗೆ ನೋಡಿದರೆ ಬೀದಿಯ ನಲ್ಲಿಯ ಹತ್ತಿರ ಸುದ್ದಿ ಹೇಳುತ್ತಾ ನಿಂತಿದ್ದಾಳೆ: "ತಮಿಳಿನ ಅಯ್ಯ ಹೇಳಿದ್ರು ಕಣ್ರೇ, ನನ್ನ ಮಗ ಗಾಡಿ ಹೊಡ್ದೋನು, ಅವನಿಗೆ ಮೊದಲ್ನೇ ಪಂಕ್ತಿ ಅಂತೆ. ಎಂಥ ದೊಡ್ಡ ಮಾತು! ಅವರಿಗೆ ಕಡುಬು ಮಾಡ್ಕೊಂಡು ಹೋಗ್ತೀನಿ ಇವತ್ತು."

ಅದೇ ಹೊತ್ತಿಗೆ ಪಾಸ್ಟರ್ ದಾವೀದಪ್ಪ ಮನೆಗೆ ಬಂದರು. ಸಜ್ಜನ. ಪುಷ್ಪಮ್ಮನಿಗಿಂತ ಚಿಕ್ಕವರು, ಅವಳನ್ನು ಅಕ್ಕಾ ಎಂದೇ ಕರೆಯುತ್ತಾರೆ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

"ಅಕ್ಕಾ, ನಿನ್ನೆ ಅರುಳಪ್ಪನ್ ಅಯ್ಯನವರು ಹಾಗೆ ಹೇಳ್ಲಿಲ್ಲ."

"ಗೊತ್ತು."

"ತಮಿಳು ಬಲ್ಲೋರು ರಾತ್ರಿಯಿಂದ ಫೋನ್ ಮಾಡ್ತಿದಾರೆ. ಅಯ್ಯನವರಿಗೆ ನಾನಿನ್ನೂ ತಿಳಿಸಿಲ್ಲ. ನೀವೇ ಇವತ್ತು ಸಂಜೆ ಶುರುವಿನಲ್ಲಿ ಸರಿಪಡಿಸಿಬಿಡಿ. ಬೇರೆಯವರು ಹೇಳೋದಕ್ಕಿಂತ ಅದು ಮೇಲು."

"ಅತ್ತೆ ಮುಂದೇನೇ ಕೂತಿರ್ತಾರೆ ಪಾಸ್ಟ್ರೇ."

ಪಾಸ್ಟರ್ ಲೋಟ ಕೆಳಗಿಟ್ಟರು.

"ಹೊನ್ನಣ್ಣ ಅಂದ್ರೆ ನನಗೂ ಪ್ರಾಣ ಅಕ್ಕಾ. ಆದರೆ ನೀವು ಹೇಳಿದ್ದು ನಿಜ ಅಂತ ನಿಮಗೆ ಗೊತ್ತಾ? ಗೊತ್ತಿದ್ರೆ ಹೇಳಿ, ನಾನೂ ಅದನ್ನೇ ಸಾರ್ತೀನಿ. ಗೊತ್ತಿಲ್ಲ ಅಂದ್ರೆ? ಅಲ್ಲಿ ಇನ್ನೂ ಎಷ್ಟು ಜನ ಗಂಡಸರು ಹೊರಗೆ ಕೂತಿದಾರೆ. ನಮಗೂ ಎಲೆ ಹಾಕ್ತಾರೆ ಅಂತ ಅವರು ಅಲ್ಲೇ ಕೂತುಬಿಟ್ರೆ, ಅದಕ್ಕೆ ಹೊಣೆ ಯಾರು?"

ಪಾಸ್ಟರ್ ಗದರಿಸಿದ್ದರೆ ಪುಷ್ಪಮ್ಮ ತಿರುಗಿ ಬೀಳಬಹುದಿತ್ತು. ಅವರ ಮಾತು ಅವಳದೇ ಹೊಟ್ಟೆಯ ಮಾತಾಗಿತ್ತು. ಅವಳು ದೇವರನ್ನು ನಂಬಿದವಳು, ಮಾತನ್ನೂ ನಂಬಿದವಳು. ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರಿದಾಗ, ನಿನ್ನ ಬಾಗಿಲನ್ನು ನಾನೇ ತೆಗೆದುಬಿಟ್ಟೆನಲ್ಲ, ಬೀಗದಕೈ ನನ್ನದಲ್ಲವಲ್ಲ ಎಂದು ನಡುಗಿದ್ದಳು. ತಾನು ಹೇಳಿದ್ದು ಸುಳ್ಳಾದರೆ ಮುದುಕಿಗೆ ಸುಳ್ಳಿನ ನೆಮ್ಮದಿ ಕೊಟ್ಟಂತೆ. ತಿದ್ದಿದರೆ ಆ ಮುದುಕಿಯ ಮಗನನ್ನು ಸ್ವಂತ ಬಾಯಿಂದ ಬಾಗಿಲಾಚೆ ನಿಲ್ಲಿಸಿದಂತೆ. ಆ ಮಗ ತನ್ನ ಗಂಡ.

ಅಡುಗೆಮನೆಯಲ್ಲಿ ಮಹಾಂತಮ್ಮ ಹಾಡಿಕೊಳ್ಳುತ್ತಾ ಕಡುಬಿಗೆ ಹಿಟ್ಟು ಕಲಸುತ್ತಿದ್ದಳು. ಪುಷ್ಪಮ್ಮ ಅಲ್ಲಿ ನಿಲ್ಲಲಾರದೆ, ಸಂಜಯ್‌ನನ್ನು ನೋಡಿ ಬರುತ್ತೇನೆಂದು ಹೇಳಿ ಶಿವಮೊಗ್ಗದ ಬಸ್ಸು ಹತ್ತಿದಳು. ಸಂಜೆ ಕೂಟದ ಹೊತ್ತಿಗೆ ಊರಲ್ಲೇ ಇರದಿದ್ದರೆ? ಇವತ್ತೊಂದು ದಿನ ತಪ್ಪಿದರೆ? ನಾಳೆ ಅರುಳಪ್ಪನ್ ಹೊರಟುಹೋಗುತ್ತಾರೆ. ಆಮೇಲೆ ಎಲ್ಲ ಮರೆತೀತು.

ದುರ್ಗಿಗುಡಿಯ ಮನೆಯಲ್ಲಿ ಸೊಸೆ ಮಂಜುಶ್ರೀ ಚಾಪೆ ಹಾಸಿ, ಮಲಗಿ ಅತ್ತೆ, ಮುಖ ಬಾಡಿದೆ ಅಂದಳು. ಸಂಜಯ್ ಮಧ್ಯಾಹ್ನ ಊಟಕ್ಕೆ ಬಂದವನು ತಾಯಿಯ ಬಾಯಿ ಬಿಡಿಸಿದ. ಎಲ್ಲ ಕೇಳಿ ತಟ್ಟೆ ಪಕ್ಕಕ್ಕೆ ತಳ್ಳಿದ.

"ನಮ್ಮಪ್ಪನ್ನ ಹೊರಗೆ ನಿಲ್ಸೋ ಜಾಗಕ್ಕೆ ನೀನು ಇನ್ನೂ ಹೋಗ್ತೀಯಲ್ಲಮ್ಮ! ಅವರಿಗೆ ಕರೆಂಟು ಕೊಟ್ಟಿದ್ದು ಯಾರು? ಬಿಟ್ಟಾಕು. ಇಲ್ಲೇ ಇದ್ದುಬಿಡು."

"ಬಿಡೋದಾದ್ರೆ ನಿಮ್ಮಪ್ಪ ಇದ್ದಾಗ್ಲೇ ಬಿಡ್ತಿದ್ದೆ ಕಣೋ."

"ಹಂಗಾದ್ರೆ ಹೋಗು, ಹೇಳು. ನನ್ನ ಗಂಡ ನರಕದಲ್ಲಿದಾನೆ ಅಂತ ಮೈಕಲ್ಲಿ ಹೇಳು."

"ಅದನ್ನ ಹೇಳೋಕಾಗ್ದೇ ಇಲ್ಲಿಗೆ ಬಂದಿದೀನಲ್ಲೋ."

"ಎರಡೂ ಆಗಲ್ಲ ಅಂದ್ರೆ ಮತ್ತೇನಮ್ಮ ಮಾಡ್ತೀಯ?"

ಮಂಜುಶ್ರೀ ಗಂಡನಿಗೆ ಕಣ್ಣಲ್ಲೇ ಸುಮ್ಮನಿರಿ ಅಂದಳು. ಅವನು ಕೈ ತೊಳೆದು ಹೊರಟುಹೋದ. ಪುಷ್ಪಮ್ಮ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು. ಜ್ಞಾನಮ್ಮ. "ಪುಷ್ಪಾ, ಎಲ್ಲಿದೀಯೇ? ನಿಮ್ಮತ್ತೆ ಆಗ್ಲೇ ಮಂದಿರಕ್ಕೆ ಹೊರಟ್ರು. ಕಡುಬಿನ ಡಬ್ಬಿ ತಗೊಂಡು. ಅಯ್ಯನವರಿಗೆ ಕೈಮುಗಿದು ಮಾತಾಡ್ಬೇಕಂತೆ. ಸೊಸೆ ಇಲ್ದಿದ್ರೆ ಏನಾಯ್ತು, ನೀನು ತಮಿಳಲ್ಲಿ ಹೇಳು ಅಂತ ನನ್ನ ಕೈ ಹಿಡ್ಕೊಂಡಿದಾರೆ. ನಾನು ಏನೇ ಹೇಳ್ಲಿ?"

ಪುಷ್ಪಮ್ಮ ಎದ್ದಳು. ಮುಖ ಕೂಡ ತೊಳೆಯಲಿಲ್ಲ. ತಾನಿಲ್ಲದಿದ್ದರೂ ಆ ಮಾತು ಹೊರಗೆ ಬರುತ್ತದೆ, ಬೇರೆಯವರ ಬಾಯಿಂದ ಬರುತ್ತದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಾಲೇಜು ಮಕ್ಕಳ ನಡುವೆ ಕಂಬಿ ಹಿಡಿದು ನಿಂತಳು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಸರಿಯುವ ಹಾಗಿಲ್ಲ. ಕಂಡಕ್ಟರ್, "ಒಳಗೆ ಹೋಗಿ ಅಮ್ಮಾ, ಒಳಗೆ ಜಾಗ ಇದೆ," ಎಂದು ಕೂಗುತ್ತಲೇ ಇದ್ದ. ಎಲ್ಲಿತ್ತೋ ಜಾಗ, ಅವನೇ ಬಲ್ಲ.

ಮಂದಿರದೊಳಗೆ ಕಾಲಿಟ್ಟಾಗ ಜನ ತುಂಬಿದ್ದರು. ಹಾಡು ಇನ್ನೂ ಶುರುವಾಗಿರಲಿಲ್ಲ. ಮುಂದೆ ಅರುಳಪ್ಪನ್ ನಿಂತಿದ್ದಾರೆ, ಅವರ ಕೈಯಲ್ಲಿ ಸ್ಟೀಲ್ ಡಬ್ಬಿ. ಎದುರಿಗೆ ಮಹಾಂತಮ್ಮ ಕೈಮುಗಿದು ಏನೋ ಹೇಳುತ್ತಿದ್ದಾಳೆ. ಜ್ಞಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಮೂಕಿಯ ಹಾಗೆ ನಿಂತಿದ್ದಾಳೆ. ಪುಷ್ಪಮ್ಮನನ್ನು ಕಂಡು ಬೋಧಕರ ಮುಖ ಅರಳಿತು.

"ಬಾ ಮಗಳೇ, ಬಾ. ತಾಯಿ ಏನು ಹೇಳ್ತಿದ್ದಾರೆ?" ಎಂದು ತಮಿಳಿನಲ್ಲಿ ಕೇಳಿದರು.

ಮಹಾಂತಮ್ಮ ಸೊಸೆಯ ತೋಳು ಹಿಡಿದು ಎಳೆದಳು. "ಬಂದ್ಯಾ? ಹೇಳೇ ಇವರಿಗೆ. ನನ್ನ ಮಗನಿಗೆ ಮೊದಲ್ನೇ ಪಂಕ್ತೀಲಿ ಎಲೆ ಹಾಕ್ತಾರೆ ಅಂದ್ರಲ್ಲ, ಇವರ ಹೊಟ್ಟೆ ತಣ್ಣಗಿರ್ಲಿ ಅಂತ ಹೇಳು."

ಪುಷ್ಪಮ್ಮ ತಮಿಳಿಗೆ ತಿರುಗಿಸಿದಳು. ಒಂದು ಮಾತನ್ನೂ ಬಿಡಲಿಲ್ಲ.

ಅರುಳಪ್ಪನ್ ಹುಬ್ಬು ಗಂಟಿಕ್ಕಿದರು. "ನಾನು ಹಾಗೆ ಹೇಳಲಿಲ್ಲವಲ್ಲ?"

ಪುಷ್ಪಮ್ಮ ಅತ್ತೆಯ ಕಡೆ ತಿರುಗಿದಳು. "ನಾನು ಹಾಗೆ ಹೇಳ್ಲಿಲ್ಲ ಅಂತಿದಾರೆ ಅತ್ತೆ."

"ಇಲ್ವಾ? ನಾನೇ ಕೇಳ್ದೆನಲ್ಲ. ಹಂಗಾದ್ರೆ ಯಾರು ಹೇಳಿದ್ದು?"

"ನಾನು."

ಮುದುಕಿ ಸೊಸೆಯ ಮುಖಕ್ಕೆ ಮುಖ ಹತ್ತಿರ ತಂದು ನೋಡಿದಳು. ಮಂಜುಗಣ್ಣಿಗೆ ಏನು ಕಂಡಿತೋ.

"ಇವರು ಏನು ಹೇಳಿದ್ರು?"

ಇನ್ನು ಎಲ್ಲಿಗೆ ಹೋಗುವುದು? ಪುಷ್ಪಮ್ಮ ಹೇಳಿದಳು. ಆಟೋದವನ ಮಾತನ್ನು ಹೇಳಿದಳು, ಅವನಿಗೆ ಎಲೆ ಇಲ್ಲ ಎಂಬುದನ್ನೂ ಹೇಳಿದಳು. ಆಮೇಲೆ ಬೋಧಕರ ಕಡೆ ತಿರುಗಿ ತಮಿಳಿನಲ್ಲಿ ಅಂದಳು: "ಐಯಾ, ಇವರು ನನ್ನ ಅತ್ತೆ. ನೀವು ಹೇಳಿದ ಆ ಗಂಡ ಇವರ ಮಗ. ನನ್ನ ಯಜಮಾನರು. ಈ ಬೇಸಿಗೆಯಲ್ಲಿ ತೀರಿಕೊಂಡರು. ದೀಕ್ಷಾಸ್ನಾನ ತಗೊಂಡಿರಲಿಲ್ಲ. ನಿಮಗೆ ಗೊತ್ತಿರಲಿಲ್ಲ. ನಾನು ನಿಮ್ಮ ಮಾತನ್ನು ಬದಲಾಯಿಸಿದೆ."

ಅರುಳಪ್ಪನ್ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಡಬ್ಬಿ ತೊಡೆಯ ಮೇಲಿತ್ತು, ಇನ್ನೂ ಬಿಸಿಯಾಗಿತ್ತು. ಸಭೆಯಲ್ಲಿ ಒಂದು ಮಗು ಅತ್ತಿತು, ತಾಯಿ ಅದನ್ನು ಎತ್ತಿಕೊಂಡು ಹೊರಗೆ ಹೋದಳು.

"ಈ ಮಾತು ಎಷ್ಟೋ ಊರಲ್ಲಿ ಹೇಳಿದ್ದೇನೆ," ಅಂದರು ಕೊನೆಗೆ. "ಜನ ನಗುತ್ತಾರೆ. ಅವನ ತಾಯಿ ಎದುರಿಗೆ ಬಂದು ನಿಂತದ್ದು ಇದೇ ಮೊದಲು. ತಾಯಿಗೆ ಹೇಳಮ್ಮಾ, ನಾನು ನಗಿಸಬಾರದಿತ್ತು. ಬಾಗಿಲು ಮುಚ್ಚುತ್ತದೆ ಎಂದು ಸ್ವಾಮಿ ಹೇಳಿದ್ದನ್ನು ನಾನು ಇಲ್ಲ ಅನ್ನಲಾರೆ. ಇಲ್ಲ ಅಂದರೆ ನಾನು ಯಾಕೆ ಊರೂರು ಅಲೆಯಬೇಕು? ಆದರೆ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂಬುದು ನನಗೆ ಕಾಣುವುದಿಲ್ಲ. ಕಂಡವನ ಹಾಗೆ ಹೇಳಿಬಿಟ್ಟೆ."

ಪುಷ್ಪಮ್ಮ ಅದನ್ನೂ ಹಾಗೇ ಹೇಳಿದಳು.

"ಅಷ್ಟೇನಾ?" ಅಂದಳು ಮಹಾಂತಮ್ಮ.

"ಅಷ್ಟೇ ಅತ್ತೆ."

"ಕಾಣಲ್ಲ ಅನ್ನೋರು ನಿನ್ನೇನೇ ಹಂಗನ್ಬೇಕಿತ್ತು." ಮುದುಕಿ ಸೆರಗು ಸರಿಮಾಡಿಕೊಂಡಳು. "ಕಡುಬು ತಿನ್ನೋಕೆ ಹೇಳು. ಆರಿದ್ರೆ ಗಟ್ಟಿಯಾಗುತ್ತೆ."

ಪುಷ್ಪಮ್ಮ ಮೈಕಿನ ಮುಂದೆ ಹೋಗಿ ಎಲ್ಲರಿಗೂ ಕೇಳುವಂತೆ, ನಿನ್ನೆ ಅಯ್ಯನವರು ಹೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು, ತಪ್ಪು ನನ್ನದು ಅಂದಳು. ಯಾರೂ ತಲೆಯೆತ್ತಲಿಲ್ಲ. ಕೂಟ ನಡೆಯಿತು. ಹೇಗೆ ನಡೆಯಿತು ಎಂದು ಅವಳನ್ನು ಕೇಳಿದರೆ ನೆನಪಿಲ್ಲ ಅನ್ನುತ್ತಾಳೆ. ಮಹಾಂತಮ್ಮ ಕೊನೆಯವರೆಗೂ ಅದೇ ಕುರ್ಚಿಯಲ್ಲಿ ಕೂತಿದ್ದಳು. ಮನೆಗೆ ಬಂದ ಮೇಲೆ ಊಟ ಬೇಡ ಅಂದು ಮಲಗಿಬಿಟ್ಟಳು.

ಬೆಳಿಗ್ಗೆ ಪುಷ್ಪಮ್ಮ ಒಲೆ ಹೊತ್ತಿಸಿ ಕಾಫಿಗಿಡುವಾಗ ಮುದುಕಿ ಬಂದು ಬಾಗಿಲಿಗೆ ಒರಗಿ ಕೂತಳು. ಬೈಯುತ್ತಾಳೆ ಎಂದು ಕಾದರೆ ಬೈಯಲಿಲ್ಲ.

"ನಿನ್ನ ಬಾಯಲ್ಲಿ ಅವರ ಮಾತು ಕೇಳ್ದೆ. ಸುಳ್ಳು ಮಾತೂ ಕೇಳ್ದೆ. ಈಗ ನಿಂದು ಹೇಳು. ಯಾರೂ ಇಲ್ಲ ಇಲ್ಲಿ. ನನ್ನ ಮಗ ಎಲ್ಲಿದಾನೆ?"

ಪುಷ್ಪಮ್ಮ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಅತ್ತೆಯ ಕಡೆ ತಿರುಗಿದಳು. ಬೇರೆಯವರ ಮಾತು ಹೇಳಿ ಹೇಳಿ ಅಭ್ಯಾಸವಾದ ಬಾಯಿ. ಅದಕ್ಕೆ ಸ್ವಂತದ್ದು ಸುಲಭಕ್ಕೆ ಬರಲಿಲ್ಲ.

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ವಾ?"

"ಇಲ್ಲ. ಅವರು ಹೋದ ದಿನದಿಂದ ದಿನಾ ಕೇಳ್ತಿದೀನಿ."

"ಯಾರನ್ನ?"

"ದೇವರನ್ನೇ. ಎಲ್ಲಿಟ್ಟಿದೀಯಪ್ಪ ಅಂತ."

"ಏನಂದ?"

"ಇನ್ನೂ ಏನೂ ಅಂದಿಲ್ಲ."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಇಬ್ಬರೂ ಕದಲಲಿಲ್ಲ.

"ಬಿಡಬೇಡ," ಅಂದಳು ಮಹಾಂತಮ್ಮ ಕೊನೆಗೆ. "ಕೇಳ್ತಾನೇ ಇರು. ನನಗೆ ಅವನ ಭಾಷೆ ಬರಲ್ಲ. ನಿನಗೆ ಬರುತ್ತೆ."

ಈಗಲೂ ಪುಷ್ಪಮ್ಮ ಮಂದಿರದಲ್ಲಿ ಕನ್ನಡ ಹೇಳುತ್ತಾಳೆ. ರಕ್ಷಣೆಯ ಮಾತು ಬಂದಾಗ ಒಂದು ಗುಟುಕು ನೀರು ಕುಡಿದು, ಬೋಧಕರು ಹೇಳಿದ್ದನ್ನು ಹೇಳಿದಂತೆಯೇ ಹೇಳುತ್ತಾಳೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಸಂಜಯ್ ಇನ್ನೂ ಮುನಿಸು ಬಿಟ್ಟಿಲ್ಲ. ಭಾನುವಾರ ಮಧ್ಯಾಹ್ನ ಅವಳು ನಡೆದುಕೊಂಡು ಬಂದು ಬಾಗಿಲಲ್ಲಿ 'ಅತ್ತೆ' ಎನ್ನುವಷ್ಟರಲ್ಲಿ ಒಳಗಿನಿಂದ ದನಿ ಬರುತ್ತದೆ.

"ಏನಾದ್ರೂ ಅಂದನೇನೇ?"

"ಇಲ್ಲ ಅತ್ತೆ."

"ನೀನು ಸರಿಯಾಗಿ ಕೇಳಿದ್ಯಾ?"

"ಕೇಳ್ದೆ."

"ಇನ್ನೊಂದ್ಸಲ ಕೇಳು."